ಲೂಪಸ್ ಇದ್ದವರಿಗೆ ವಿಟಮಿನ್ ಡಿ: ರಕ್ತನಾಳಕ್ಕೂ ಉಪಯೋಗ ಉಂಟಾ?

ಪೆರ್ಲದವಳು:
ನನಗೆ ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೆಯೇ ತಿರುಗಿ ಬೀಳುವ ಕಾಯಿಲೆ, ಅಂತ ಗೊತ್ತಾಗಿ ಕೆಲವು ವರ್ಷ ಆಯಿತು. ವಯಸ್ಸು 34. ರೋಗ ಹತೋಟಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ ದಿನಾ ಉಂಟು, ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಈಗ ದಿನಕ್ಕೆ 7.5 ಮಿಲಿಗ್ರಾಂಗೆ ಇಳಿದಿದೆ. ಈ ಸಲ ಮಂಗಳೂರಿಗೆ ಹೋದಾಗ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂತು. ಡಾಕ್ಟ್ರು ವಾರಕ್ಕೊಂದರ ಹಾಗೆ 60,000 ಯೂನಿಟ್‌ನ ಕ್ಯಾಪ್ಸೂಲ್ ಬರೆದರು, 8 ವಾರಕ್ಕೆ. ಎದ್ದು ಹೊರಡುವಾಗ "ಎಲುಬಿಗೆ ಮಾತ್ರ ಅಲ್ಲ, ರಕ್ತನಾಳಕ್ಕೂ ಒಳ್ಳೆಯದಾಗಬಹುದು" ಅಂದರು. ಹೊರಗೆ ಜನ ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ.

ಮನೆಯಲ್ಲಿ ಈಗ ಅಡಿಕೆ ಒಣಗಿಸುವ ಸಮಯ, ಅಂಗಳ ತುಂಬ ಅಡಿಕೆ. ಅತ್ತೆ ಹೇಳುವುದು, "ಡಿ ಕಡಿಮೆ ಅಂದರೆ ಮೈಗೆ ಬಿಸಿಲು ಬೀಳುವುದು ಕಡಿಮೆ ಅಂತ ಅರ್ಥ, ಬೆಳಿಗ್ಗೆ ಸ್ವಲ್ಪ ಹೊತ್ತು ಅಂಗಳದಲ್ಲಿ ಅಡಿಕೆ ಮಗುಚಿದರೆ ಈ ಮದ್ದೆಲ್ಲ ಬೇಡ" ಅಂತ. ಭಾವ ಹೇಳುವುದು ಒಂದು ಇಂಜೆಕ್ಷನ್ ಹಾಕಿಸಿಕೋ, ಆರು ತಿಂಗಳು ತಲೆಬಿಸಿ ಇಲ್ಲ ಅಂತ. ನನಗೆ ನಿಜವಾಗಿ ಗೊತ್ತಾಗಬೇಕಾದ್ದು ರಕ್ತನಾಳದ ವಿಷಯ. ಅದಕ್ಕೂ ಲೂಪಸ್‌ಗೂ ಎಂತ ಸಂಬಂಧ?

ಮುಳ್ಳೇರಿಯ ಅಕ್ಕ:
ತಂಗೀ, ಅಂಗಳಕ್ಕೆ ಇಳಿಯಬೇಡ ಮಾರಾಯ್ತಿ. ಅತ್ತೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಬೇರೆಯವರಿಗೆ ಆಗಿದ್ದರೆ ಆ ಮಾತು ಸರಿಯೇ. ನಮಗೆ ಆಗುವುದಿಲ್ಲ. ಬಿಸಿಲಿನಲ್ಲಿ ಯುವಿ-ಬಿ ಅಂತ ಒಂದು ಕಿರಣ ಉಂಟು. ಚರ್ಮದಲ್ಲಿ ವಿಟಮಿನ್ ಡಿ ಮಾಡುವುದು ಅದೇ, ಲೂಪಸ್ ಇದ್ದವರ ಚರ್ಮದ ಕೋಶಗಳನ್ನು ಒಡೆದು ರೋಗ ಕೆರಳಿಸುವುದೂ ಅದೇ. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ದಾರಿ ಇಲ್ಲ. ಮುಖಕ್ಕೆ ಕೆಂಪು ಬಂದು ಅಲ್ಲಿಗೇ ನಿಂತರೆ ಪುಣ್ಯ, ಕೆಲವರಿಗೆ ಗಂಟು ನೋವು, ಜ್ವರ, ಕಿಡ್ನಿಯವರೆಗೂ ಹೋಗುತ್ತದೆ.

ಇನ್ನೊಂದು ವಿಷಯ. "ಎಳೆ ಬಿಸಿಲು ಒಳ್ಳೆಯದು" ಅಂತ ಎಲ್ಲರೂ ಹೇಳುತ್ತಾರಲ್ಲ, ಏಳು ಗಂಟೆಯ ಬಿಸಿಲಿನಲ್ಲಿ ಯುವಿ-ಬಿ ಇರುವುದೇ ತೀರಾ ಕಡಿಮೆ. ಸೂರ್ಯ ಮೇಲೆ ಬಂದ ಮೇಲೆಯೇ ಡಿ ಆಗುವುದು, ಅಂದರೆ ನಾವು ಮನೆಯೊಳಗೆ ಇರಬೇಕಾದ ಹೊತ್ತಿನಲ್ಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಇನ್ನೂ ನಷ್ಟ. ಗಾಜು ಯುವಿ-ಬಿ ತಡೆಯುತ್ತದೆ, ಹಾಗಾಗಿ ಡಿ ಸಿಗುವುದಿಲ್ಲ. ಯುವಿ-ಎ ಒಳಗೆ ಬರುತ್ತದೆ, ಅದೂ ಕೆಲವರಿಗೆ ಆಗುವುದಿಲ್ಲ. ನಾನು ಕಾಸರಗೋಡಿನಿಂದ ಮಂಗಳೂರಿಗೆ ಬೆಳಿಗ್ಗೆಯ ಬಸ್ಸಿನಲ್ಲಿ ಹೋಗುವಾಗ ಎಡಗಡೆ ಸೀಟು ಹಿಡಿಯುತ್ತೇನೆ, ಮಧ್ಯಾಹ್ನ ಮೇಲೆ ವಾಪಸು ಬರುವಾಗಲೂ ಎಡಗಡೆಯೇ. ಲೆಕ್ಕ ಹಾಕಿ ನೋಡು, ಎರಡು ಸಲವೂ ನೆರಳು.

ಪೆರ್ಲದವಳು:
ಅಕ್ಕಾ, ಬಸ್ಸಿನ ಸೀಟಿನ ವಿಷಯ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ!

ಕುಂಬಳೆ ಲ್ಯಾಬಿನವ:
11 ಅಂದರೆ ಕಡಿಮೆಯೇ. ರಿಪೋರ್ಟಿನಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಅಂತ ಇರಬೇಕು, ಒಮ್ಮೆ ನೋಡಿಕೊಳ್ಳಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗೆ ಇದ್ದರೆ ಕೊರತೆ, 20ರಿಂದ 30ರವರೆಗೆ ಸಾಲದು, 30 ದಾಟಿದರೆ ಸಾಕು ಅಂತ ನಮ್ಮಲ್ಲಿ ಹೆಚ್ಚಿನ ಡಾಕ್ಟ್ರುಗಳು ನೋಡುತ್ತಾರೆ. 1,25-ಡೈಹೈಡ್ರಾಕ್ಸಿ ಅಂತ ಇನ್ನೊಂದು ಪರೀಕ್ಷೆ ಉಂಟು, ಕೆಲವರು ಹೆಸರು ಹತ್ತಿರ ಹತ್ತಿರ ಇದೆ ಅಂತ ಅದನ್ನು ಮಾಡಿಸಿ ಬರುತ್ತಾರೆ. ದುಡ್ಡು ಜಾಸ್ತಿ, ಕೊರತೆ ಉಂಟಾ ಇಲ್ಲವಾ ಅಂತ ಅದರಿಂದ ಗೊತ್ತಾಗುವುದಿಲ್ಲ.

ವ್ಯತ್ಯಾಸ ಇಷ್ಟೇ. ಚರ್ಮದಿಂದಲೋ ಕ್ಯಾಪ್ಸೂಲಿನಿಂದಲೋ ಬಂದ ಡಿ ಲಿವರಿಗೆ ಹೋಗಿ 25-ಹೈಡ್ರಾಕ್ಸಿ ಆಗುತ್ತದೆ. ಅದು ದಾಸ್ತಾನು, ನಾವು ಅಳೆಯುವುದು ಅದನ್ನು. ಅಲ್ಲಿಂದ ಕಿಡ್ನಿಗೆ ಹೋದ ಮೇಲೆ 1,25-ಡೈಹೈಡ್ರಾಕ್ಸಿ ಎಂಬ ಕೆಲಸ ಮಾಡುವ ರೂಪಕ್ಕೆ ಬರುತ್ತದೆ. ಲೂಪಸ್ ಕಿಡ್ನಿಗೆ ಬಂದವರಲ್ಲಿ ಈ ಕೊನೆಯ ಹಂತವೂ ಕುಂಟುತ್ತದೆ, ಮೂತ್ರದಲ್ಲಿ ಪ್ರೊಟೀನ್ ಹೋಗುವಾಗ ಅದರ ಜೊತೆಗೆ ಡಿಯೂ ಹೋಗುತ್ತದೆ. ಬಿಸಿಲು ತಪ್ಪಿಸುವುದು, ಸ್ಟಿರಾಯ್ಡ್, ಕಿಡ್ನಿ, ಮೂರೂ ಸೇರಿದರೆ ನಂಬರ್ ಕೆಳಗೆ ಇರದೆ ಎಲ್ಲಿ ಇರಬೇಕು ಹೇಳಿ.

ನೀರ್ಚಾಲಿನ ಮಾಷ್ಟ್ರು:
ನಾನು ವಿಜ್ಞಾನ ಪಾಠ ಮಾಡುತ್ತಿದ್ದವ, ಈಗ ನಿವೃತ್ತ. ಮಗಳಿಗೆ ಲೂಪಸ್. ಹಾಗಾಗಿ ಈ ವಿಷಯ ಸ್ವಲ್ಪ ಜಾಸ್ತಿ ಓದಿದ್ದೇನೆ, ಉದ್ದ ಆದರೆ ಬೇಜಾರು ಮಾಡಬೇಡಿ.

ಲೂಪಸ್ ಅಂದರೆ ಚರ್ಮ, ಗಂಟು, ಕಿಡ್ನಿ ಅಂತಲೇ ನಮ್ಮ ತಲೆಯಲ್ಲಿ ಇರುವುದು. ರಕ್ತನಾಳದ ಮಾತು ಯಾರೂ ಎತ್ತುವುದಿಲ್ಲ. 1976ರಲ್ಲೇ ಟೊರೊಂಟೊದಲ್ಲಿ ಯೂರೋವಿಟ್ಸ್ ಎಂಬ ಡಾಕ್ಟ್ರು ಮತ್ತು ಅವರ ಜೊತೆಯವರು ಒಂದು ಸಂಗತಿ ಗಮನಿಸಿದ್ದರು. ಲೂಪಸ್ ಬಂದ ಮೊದಲ ವರ್ಷಗಳಲ್ಲಿ ಸಾವು ಆಗುವುದು ರೋಗ ಜೋರಾಗಿ ಅಥವಾ ಸೋಂಕಿನಿಂದ, ಹಲವು ವರ್ಷ ಕಳೆದ ಮೇಲೆ ಆಗುವುದು ಹೃದಯಾಘಾತದಿಂದ. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಬಂದ ಲೆಕ್ಕ ಇನ್ನೂ ಹೆದರಿಸುವಂಥದ್ದು. 35ರಿಂದ 44 ವಯಸ್ಸಿನ ಲೂಪಸ್ ಇರುವ ಹೆಂಗಸರಲ್ಲಿ ಹೃದಯಾಘಾತ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ 50 ಪಟ್ಟಿಗೂ ಹೆಚ್ಚು. ಆ ವಯಸ್ಸಿನಲ್ಲಿ ಹೆಂಗಸರಿಗೆ ಹೃದಯಾಘಾತ ಆಗುವುದೇ ಅಪರೂಪ, ಹಾಗಾಗಿ 50 ಪಟ್ಟು ಅಂದರೂ ಎಲ್ಲರಿಗೂ ಬರುತ್ತದೆ ಅಂತ ಅರ್ಥ ಅಲ್ಲ. ಆದರೆ "ಚಿಕ್ಕ ಪ್ರಾಯ, ಹೃದಯಕ್ಕೆ ಎಂತ ಆಗುತ್ತದೆ" ಅಂತ ಕೈ ಬೀಸಿ ಬಿಡುವ ಹಾಗೂ ಇಲ್ಲ.

ಕಾರಣ ರಕ್ತನಾಳದ ಒಳಪದರದಲ್ಲಿ ಇದೆ. ಎಂಡೋಥೀಲಿಯಂ ಅಂತ ಹೆಸರು, ಒಂದೇ ಒಂದು ಕೋಶದಷ್ಟು ದಪ್ಪ. ಅದು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲ ಮಾಡುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ. ಲೂಪಸ್‌ನಲ್ಲಿ ಇಂಟರ್‌ಫೆರಾನ್ ಎಂಬ ರಾಸಾಯನಿಕ ಜಾಸ್ತಿ ಓಡಾಡುತ್ತದೆ, ಅದು ಈ ಪದರಕ್ಕೆ ಪೆಟ್ಟು ಕೊಡುವುದಲ್ಲದೆ, ಪೆಟ್ಟಾದ ಜಾಗವನ್ನು ರಿಪೇರಿ ಮಾಡಬೇಕಾದ ಕೋಶಗಳನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಮೇಲಿಂದ ಸ್ಟಿರಾಯ್ಡ್, ಬಿಪಿ, ಕೊಲೆಸ್ಟ್ರಾಲ್. ವರ್ಷಗಟ್ಟಲೆ ಹೀಗೆ ಆದರೆ ನಾಳ ಬಿಸಿಲಿಗೆ ಬಿದ್ದ ತೋಟದ ಪೈಪಿನ ಹಾಗೆ ಬಿರುಸಾಗುತ್ತದೆ.

ಒಳಪದರದ ಕೆಲಸ ಅಳೆಯುವ ಒಂದು ಪರೀಕ್ಷೆ ಉಂಟು. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ 5 ನಿಮಿಷ ಬಿಗಿ ಹಿಡಿಯುತ್ತಾರೆ, ಕೈ ಬಿಳಿಚಿಕೊಂಡು ಜುಮ್ ಅನ್ನುತ್ತದೆ. ಆಮೇಲೆ ತಟ್ಟನೆ ಬಿಡುತ್ತಾರೆ. ರಕ್ತ ನುಗ್ಗಿ ಬರುವಾಗ ಮೊಣಕೈಯ ಮೇಲಿನ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ಚೆನ್ನಾಗಿದ್ದರೆ ಹಿಗ್ಗುತ್ತದೆ, ಇಲ್ಲದಿದ್ದರೆ ಇಲ್ಲ. ಸಂಶೋಧನೆಗೆ ಮಾಡುವುದು, ನಮ್ಮ ಊರಿನ ಆಸ್ಪತ್ರೆಗೆ ಹೋಗಿ ಕೇಳಬೇಡಿ.

ಈಗ ಡಿ ವಿಷಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನವರು 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಡಿ ಕೊರತೆ ಇದ್ದ ಲೂಪಸ್ ರೋಗಿಗಳಿಗೆ ಡಿ ಕೊಟ್ಟಾಗ ಯಾರಲ್ಲಿ ಮಟ್ಟ ಹೆಚ್ಚು ಏರಿತೋ ಅವರಲ್ಲಿ ಈ ಹಿಗ್ಗುವಿಕೆಯೂ ಹೆಚ್ಚು ಸುಧಾರಿಸಿತು. ಪ್ರಯೋಗಾಲಯದಲ್ಲಿ ಆ ರಿಪೇರಿ ಕೋಶಗಳಿಗೆ ಡಿ ಹಾಕಿದಾಗ ಅವು ಮತ್ತೆ ಕೆಲಸಕ್ಕೆ ಇಳಿದವು. ಅಮೆರಿಕದ ಇನ್ನೊಂದು ಪುಟ್ಟ ಪ್ರಯೋಗದಲ್ಲಿ, ಡಿ ಸಾಕಷ್ಟು ಏರಿದವರಲ್ಲಿ ಅರ್ಧ ಜನಕ್ಕೆ ಪ್ರಯೋಜನ ಕಂಡಿತು, ಕೊರತೆ ಹಾಗೇ ಉಳಿದವರಲ್ಲಿ ಒಬ್ಬರಿಗೂ ಕಾಣಲಿಲ್ಲ. ಡಾಕ್ಟ್ರು "ಒಳ್ಳೆಯದಾಗಬಹುದು" ಅಂದದ್ದು ಇದನ್ನೇ ಇರಬೇಕು. "ಬಹುದು" ಅಂದದ್ದೂ ಸರಿಯೇ, ಎಲ್ಲ ಪುಟ್ಟ ಪುಟ್ಟ ಪ್ರಯೋಗಗಳು. ನಾಳ ಹಿಗ್ಗಿತು ಅಂದ ಮಾತ್ರಕ್ಕೆ ಹೃದಯಾಘಾತ ತಪ್ಪಿತು ಅಂತ ಆಗುವುದಿಲ್ಲ.

ಬದಿಯಡ್ಕದ ಅಣ್ಣ:
ಮಾಷ್ಟ್ರೇ, ಡಿ ತಿಂದರೆ ಹೃದಯಕ್ಕೆ ಏನೂ ಉಪಯೋಗ ಇಲ್ಲ ಅಂತ ದೊಡ್ಡ ಅಧ್ಯಯನ ಬಂದಿತ್ತಲ್ಲ? ಮತ್ತೆ ಸುಮ್ನೆ ಯಾಕೆ ತಿನ್ನುವುದು?

ನೀರ್ಚಾಲಿನ ಮಾಷ್ಟ್ರು:
ಹೌದು, ವೈಟಲ್ ಅಂತ ಅದರ ಹೆಸರು. ಅಮೆರಿಕದಲ್ಲಿ 25,871 ಜನರ ಮೇಲೆ, ದಿನಕ್ಕೆ 2,000 ಯೂನಿಟ್, ಸುಮಾರು 5 ವರ್ಷ. 2018ರಲ್ಲಿ ಫಲಿತಾಂಶ ಬಂತು, ಹೃದಯಾಘಾತ ಕಡಿಮೆ ಆಗಲಿಲ್ಲ. ಆದರೆ ಅವರು ಲೂಪಸ್ ರೋಗಿಗಳಲ್ಲ, ಸಾಮಾನ್ಯ ಜನ, ಹೆಚ್ಚಿನವರಲ್ಲಿ ಡಿ ಕೊರತೆಯೂ ಇರಲಿಲ್ಲ. ಹೊಟ್ಟೆ ತುಂಬಿದವನಿಗೆ ಊಟ ಬಡಿಸಿ ಪ್ರಯೋಜನ ಆಗಲಿಲ್ಲ ಅಂದರೆ ಹೇಗೆ? ಅದೇ ಅಧ್ಯಯನದಿಂದ 2022ರಲ್ಲಿ ಇನ್ನೊಂದು ಸಂಗತಿ ಬಂತು, ಡಿ ತೆಗೆದುಕೊಂಡವರಲ್ಲಿ ಲೂಪಸ್‌ನಂಥ ಸ್ವಯಂನಿರೋಧಕ ಕಾಯಿಲೆಗಳು ಹೊಸದಾಗಿ ಬರುವುದು 22% ಕಡಿಮೆ ಆಗಿತ್ತು. ಈಗಾಗಲೇ ಬಂದವರಿಗೆ ಆ ಲೆಕ್ಕ ಹಾಕಬೇಡಿ.

ನಿಮ್ಮ ಪಕ್ಷದ ಸಾಕ್ಷಿಯೂ ಒಂದು ಉಂಟು. 2015ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಲೂಪಸ್ ರೋಗಿಗಳಿಗೇ 12 ವಾರ ಡಿ ಕೊಟ್ಟು ನೋಡಿದರು, ಇಂಟರ್‌ಫೆರಾನ್ ಕಡಿಮೆ ಆಗಲೇ ಇಲ್ಲ. ಹಾಗಾಗಿ ಡಿ ಒಂದರಿಂದಲೇ ಎಲ್ಲ ಸರಿಯಾಗುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಮುಳ್ಳೇರಿಯ ಅಕ್ಕ:
ಅಣ್ಣಾ, ಯಾಕೆ ತಿನ್ನುವುದು ಅಂದರೆ ಎಲುಬಿಗೆ. ಸ್ಟಿರಾಯ್ಡ್ ಎಲುಬನ್ನು ಒಳಗಿಂದ ತಿನ್ನುತ್ತದೆ. ರಕ್ತನಾಳದ ಮಾತು ಸುಳ್ಳೇ ಅಂತ ಇಟ್ಟುಕೊಂಡರೂ 11 ಇದ್ದವಳು ಕ್ಯಾಪ್ಸೂಲ್ ತಿನ್ನಲೇಬೇಕು. ರಕ್ತನಾಳಕ್ಕೂ ಆದರೆ ಅದು ಲಾಭ.

ಉಪ್ಪಳದ ಫಾರ್ಮಸಿ:
ಭಾವನವರ ಇಂಜೆಕ್ಷನ್ ವಿಷಯಕ್ಕೆ ಬರುತ್ತೇನೆ. ಅದರಲ್ಲಿ 6 ಲಕ್ಷ ಯೂನಿಟ್ ಒಟ್ಟಿಗೆ ಇರುತ್ತದೆ. ಒಮ್ಮೆ ಒಳಗೆ ಹೋದ ಮೇಲೆ ವಾಪಸು ತೆಗೆಯಲು ಆಗುವುದಿಲ್ಲ. ಕ್ಯಾಪ್ಸೂಲ್ ಆದರೆ ತೊಂದರೆ ಕಂಡ ದಿನ ನಿಲ್ಲಿಸಬಹುದು. ನಮ್ಮ ಅಂಗಡಿಗೆ ಬರುವವರಲ್ಲಿ ಕೆಲವರು ಇಂಜೆಕ್ಷನ್ ಒಂದು ಕಡೆ, ವಾರದ ಕ್ಯಾಪ್ಸೂಲ್ ಇನ್ನೊಂದು ಡಾಕ್ಟ್ರ ಕಡೆಯಿಂದ, ಮೇಲಿಂದ ಡಿ ಸೇರಿಸಿದ ಕ್ಯಾಲ್ಸಿಯಂ ಗುಳಿಗೆ, ಹೀಗೆ ಮೂರು ಚೀಟಿ ಹಿಡಿದುಕೊಂಡು ಬರುತ್ತಾರೆ. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಯಾರಿಗೂ ಓದಲು ಆಗದ್ದು ಒಂದು. ಯಾವ ಡಾಕ್ಟ್ರಿಗೂ ಇನ್ನೊಬ್ಬರು ಕೊಟ್ಟದ್ದು ಗೊತ್ತಿಲ್ಲ.

ಡಿ ಜಾಸ್ತಿ ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ ಬಂದ ಹಾಗೆ, ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಒಂದು ನಮೂನೆ ಮಂಕು. ಕಿಡ್ನಿಗೆ ಪೆಟ್ಟು. ಕ್ಯಾಲ್ಸಿಯಂ ಹೋಗಿ ರಕ್ತನಾಳದ ಗೋಡೆಯಲ್ಲೇ ಕೂರುವುದೂ ಉಂಟು, ಅಂದರೆ ಯಾವುದಕ್ಕೆ ಒಳ್ಳೆಯದು ಅಂತ ತಿಂದೆವೋ ಅದಕ್ಕೇ ಕೇಡು.

ಕ್ಯಾಪ್ಸೂಲ್ ಮಧ್ಯಾಹ್ನ ಊಟದ ಜೊತೆ ತೆಗೆದುಕೊಳ್ಳಿ, ಖಾಲಿ ಹೊಟ್ಟೆಗೆ ಬೇಡ. ಡಿ ಕರಗುವುದು ಕೊಬ್ಬಿನಲ್ಲಿ. ತೆಂಗಿನಕಾಯಿ ಹಾಕಿದ ಪದಾರ್ಥ ಇದ್ದರೆ ಸಾಕು, ನಮ್ಮಲ್ಲಿ ಅದಿಲ್ಲದ ಊಟ ಎಲ್ಲಿ ಉಂಟು! ವಾರಕ್ಕೊಂದು ಅಂದರೆ ವಾರಕ್ಕೊಂದು. ದಿನಾ ತಿಂದು ಬಂದವರನ್ನು ನೋಡಿದ್ದೇನೆ. ಆದಿತ್ಯವಾರ ಅಂತ ಗುರುತು ಮಾಡಿ ಕ್ಯಾಲೆಂಡರಿನಲ್ಲಿ ಬರೆದು ಇಡಿ.

ಮಂಜೇಶ್ವರದ ತಂಗಿ:
ಬೂತಾಯಿ ಮೀನು ತಿಂದರೆ ಆಗುವುದಿಲ್ವಾ? ನಮ್ಮಲ್ಲಿ ವಾರಕ್ಕೆ ನಾಲ್ಕು ದಿನ ಅದೇ.

ಉಪ್ಪಳದ ಫಾರ್ಮಸಿ:
ತಿನ್ನಿ, ಒಳ್ಳೆಯದೇ. ಬೂತಾಯಿ, ಬಂಗುಡೆ ಎರಡರಲ್ಲೂ ಡಿ ಉಂಟು, ಹೃದಯಕ್ಕೆ ಬೇಕಾದ ಎಣ್ಣೆಯೂ ಉಂಟು. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಬದಲು ಪುಳಿಮುಂಚಿ ಮಾಡಿ. ಆದರೆ 11ನ್ನು 30ಕ್ಕೆ ಏರಿಸಲು ಮೀನಿನಿಂದ ಆಗುವುದಿಲ್ಲ. ಅಲ್ಲಿವರೆಗೆ ಕ್ಯಾಪ್ಸೂಲ್, ಆಮೇಲೆ ಉಳಿಸಿಕೊಳ್ಳಲು ಮೀನು ಸ್ವಲ್ಪ ಸಹಾಯ.

ಪೆರ್ಲದವಳು:
ನಾವು ಮೀನು ತಿನ್ನುವುದಿಲ್ಲ. ಹಾಲು, ಮಜ್ಜಿಗೆಯಲ್ಲಿ ಬರುತ್ತದಾ?

ಕುಂಬಳೆ ಲ್ಯಾಬಿನವ:
ಮನೆಯ ದನದ ಹಾಲಿನಲ್ಲಿ ಲೆಕ್ಕಕ್ಕೆ ಬರುವಷ್ಟು ಡಿ ಇಲ್ಲ, ಕ್ಯಾಲ್ಸಿಯಂ ಉಂಟು. ಪ್ಯಾಕೆಟ್ ಹಾಲಿನಲ್ಲಿ ಕೆಲವಕ್ಕೆ ಡಿ ಸೇರಿಸುತ್ತಾರೆ, ಪ್ಯಾಕೆಟಿನ ಮೇಲೆ ಬರೆದಿರುತ್ತದೆ. ಬಿಸಿಲಿಗೆ ಇಟ್ಟ ಅಣಬೆಯಲ್ಲಿ ಸ್ವಲ್ಪ. ಸಸ್ಯಾಹಾರಿಗಳಿಗೆ ಮದ್ದೇ ಗತಿ.

ಬದಿಯಡ್ಕದ ಅಣ್ಣ:
ರೋಗನಿರೋಧಕ ಶಕ್ತಿ ಹೆಚ್ಚಾಗಲು ಅಮೃತಬಳ್ಳಿ ಕಷಾಯ ಕುಡಿದರೆ ಹೇಗೆ? ನಮ್ಮ ಬೇಲಿಯಲ್ಲೇ ಉಂಟು, ಬೇಕಾದರೆ ಕಳಿಸುತ್ತೇನೆ.

ಮುಳ್ಳೇರಿಯ ಅಕ್ಕ:
ಅಣ್ಣಾ, ದೊಡ್ಡ ಉಪಕಾರ, ಬಳ್ಳಿ ಬೇಲಿಯಲ್ಲೇ ಇರಲಿ. ಲೂಪಸ್‌ನಲ್ಲಿ ಆ ಶಕ್ತಿಯೇ ಮೈಮೇಲೆ ತಿರುಗಿ ಬಿದ್ದಿರುವುದು, ಅದನ್ನು ಇನ್ನೂ ಹೆಚ್ಚು ಮಾಡುವುದಾ? ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈಯ ಡಾಕ್ಟ್ರುಗಳು 2021ರಲ್ಲಿ ಬರೆದಿದ್ದಾರೆ.

ಹೊಸಂಗಡಿಯವಳು:
ಹೃದಯಾಘಾತದ ವಿಷಯ ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಅಕ್ಕನಿಗೆ ಲೂಪಸ್. ನಲವತ್ತು ಆಗಿರಲಿಲ್ಲ. ಒಂದು ರಾತ್ರಿ ಎದೆ ಹಿಡಿದ ಹಾಗೆ, ಎಡ ದವಡೆ ನೋವು, ಬೆವರು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಇದ್ದವರು ಮುಖ ನೋಡಿ ಗ್ಯಾಸ್ ಅಂತ ಹೇಳಿ ಒಂದು ಸಿರಪ್ ಕೊಟ್ಟರು. ಇಸಿಜಿ ತೆಗೆಯಿರಿ ಅಂತ ಭಾವನೇ ಜೋರು ಮಾಡಬೇಕಾಯಿತು. "ಈ ಪ್ರಾಯದ ಹೆಂಗಸರಿಗೆ ಎಂತಕ್ಕೆ" ಅಂತ ಗೊಣಗುತ್ತಲೇ ತೆಗೆದರು. ತೆಗೆದ ಮೇಲೆ ಆ್ಯಂಬುಲೆನ್ಸ್ ಅವರೇ ಕರೆದರು. ಈಗ ಅಕ್ಕ ಚೆನ್ನಾಗಿದ್ದಾಳೆ, ಸ್ಟೆಂಟ್ ಹಾಕಿದ್ದಾರೆ. ಅವಳ ಲೂಪಸ್ ಫೈಲಿನ ಮೊದಲ ಹಾಳೆಯಲ್ಲಿ ಭಾವ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ: "ಲೂಪಸ್ ರೋಗಿ. ಎದೆನೋವು ಬಂದರೆ ಮೊದಲು ಇಸಿಜಿ." ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ.

ಮುಳ್ಳೇರಿಯ ಅಕ್ಕ:
ಇದನ್ನು ನಾನೂ ಇವತ್ತೇ ಬರೆದಿಡುತ್ತೇನೆ.

ಪೆರ್ಲದವಳು:
ಓದಿ ಕೈಕಾಲು ತಣ್ಣಗಾಯಿತು. ಹಾಗಾದರೆ ಡಿ ಬಿಟ್ಟು ರಕ್ತನಾಳಕ್ಕೆ ನಾವು ಮಾಡಬೇಕಾದದ್ದು ಎಂತ?

ನೀರ್ಚಾಲಿನ ಮಾಷ್ಟ್ರು:
ಹೆದರಬೇಡಮ್ಮ, ಮುಖ್ಯ ಕೆಲಸ ನೀನು ಈಗಾಗಲೇ ಮಾಡುತ್ತಿದ್ದೀಯ. ಹೈಡ್ರಾಕ್ಸಿಕ್ಲೋರೊಕ್ವಿನ್. ಅದು ರೋಗ ಕೆರಳದ ಹಾಗೆ ನೋಡುವುದಲ್ಲದೆ ರಕ್ತ ಹೆಪ್ಪುಗಟ್ಟುವುದನ್ನೂ ಕಡಿಮೆ ಮಾಡುತ್ತದೆ, ಕೊಲೆಸ್ಟ್ರಾಲಿಗೂ ಒಳ್ಳೆಯದು. ರಕ್ತನಾಳದ ಲೆಕ್ಕದಲ್ಲಿ ಡಿಗಿಂತ ಅದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಚರ್ಮ ಸರಿಯಾಯಿತು ಅಂತ ಬಿಡುವವರು ಇದ್ದಾರೆ, ಹಾಗೆ ಮಾಡಬಾರದು. ದಿನದ ಪ್ರಮಾಣ ಮೈತೂಕದ ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಡಾಕ್ಟ್ರು ನೋಡುತ್ತಾರೆ. ಕಣ್ಣಿನ ರೆಟಿನಾ ಪರೀಕ್ಷೆ ಮರೆಯಬಾರದು.

ಸ್ಟಿರಾಯ್ಡ್ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿಸಬೇಕು ಅಂತ ಯುರೋಪಿನ ರುಮಟಾಲಜಿ ಸಂಘದವರು 2023ರಲ್ಲಿ ಹೇಳಿದ್ದಾರೆ. 7.5ಕ್ಕೆ ಬಂದಿದ್ದೀ, ಹತ್ತಿರ ಇದ್ದೀ. ಆದರೆ ನೀನಾಗಿ ಇಳಿಸಬೇಡ, ತಟ್ಟನೆ ನಿಲ್ಲಿಸಲೇಬೇಡ. ಬಿಪಿ ಮಿಷನ್ ಒಂದು ಮನೆಯಲ್ಲಿ ಇಟ್ಟುಕೊಂಡು ನೋಡುತ್ತಿರು, ಅತ್ತೆಗೂ ಆಗುತ್ತದೆ. ಕೊಲೆಸ್ಟ್ರಾಲ್, ಸಕ್ಕರೆ, ಮೂತ್ರದ ಪ್ರೊಟೀನ್. ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯ ಪರೀಕ್ಷೆ ಮಾಡಿದ್ದಾರಾ ಕೇಳು, ಅದು ಇದ್ದವರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ, ಮದ್ದೂ ಬೇರೆ ಇರುತ್ತದೆ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಇದ್ದರೆ ಅಂಗಳ ದಾಟಿ ತೋಟಕ್ಕೆ ಹೋಗಿ ಸೇದಲಿ, ಬಿಟ್ಟರೆ ಇನ್ನೂ ಒಳ್ಳೆಯದು.

ಡಿ ಎಷ್ಟಕ್ಕೆ ಏರಿಸಬೇಕು ಅಂತ ಕೇಳಿದರೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1,006 ಲೂಪಸ್ ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ನೆನಪಾಗುತ್ತದೆ. ಡಿ 20 ನ್ಯಾನೋಗ್ರಾಂ ಏರಿದಾಗ ರೋಗ ಜೋರಾಗಿ ಇರುವ ಸಾಧ್ಯತೆ 21% ಇಳಿಯಿತು, ಮೂತ್ರದಲ್ಲಿ ಪ್ರೊಟೀನ್ ಹೋಗುವ ಸಾಧ್ಯತೆ 15%. ಆದರೆ 40 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ 80, 100ಕ್ಕೆ ಓಡಿಸುವ ಅಗತ್ಯವೇ ಇಲ್ಲ.

ಉಪ್ಪಳದ ಫಾರ್ಮಸಿ:
ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಒಂದು ತಿಂಗಳಿನದ್ದು ಯಾವಾಗಲೂ ಹೆಚ್ಚು ಇಟ್ಟುಕೊಳ್ಳಿ. 2020ರ ಮಾರ್ಚ್ ನೆನಪು ಉಂಟಲ್ಲ? ಕೊರೊನಾಕ್ಕೆ ಆಗುತ್ತದೆ ಅಂತ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಖಾಲಿ, ಸರ್ಕಾರ ಅದನ್ನು ಶೆಡ್ಯೂಲ್ ಎಚ್‌1ಕ್ಕೆ, ಅಂದರೆ ಡಾಕ್ಟ್ರ ಚೀಟಿ ಇಲ್ಲದೆ ಕೊಡಬಾರದ ಮದ್ದುಗಳ ಪಟ್ಟಿಗೆ ಸೇರಿಸಿತು, ಅದೇ ಸಮಯಕ್ಕೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್. ಮಂಗಳೂರಿನ ಡಾಕ್ಟ್ರ ಚೀಟಿ ಹಿಡಿದು ಈಚೆ ಕಡೆ ಅಂಗಡಿ ಅಂಗಡಿ ಅಲೆದವರು ಬಹಳ ಜನ.

ಪೆರ್ಲದವಳು:
ಎಲ್ಲರಿಗೂ ಉಪಕಾರ. ಅತ್ತೆಗೆ ಓದಿ ಹೇಳಿದೆ, ಅಡಿಕೆ ಮಗುಚಲು ಭಾವನನ್ನೇ ನಿಲ್ಲಿಸಿದ್ದಾರೆ. ಇಂಜೆಕ್ಷನ್ ಬೇಡ ಅಂತ ನಿಶ್ಚಯ ಆಯಿತು. ಮುಂದಿನ ಸಲ ಹೋಗುವಾಗ ಆ್ಯಂಟಿಫಾಸ್ಫೋಲಿಪಿಡ್ ಕೇಳುತ್ತೇನೆ. ಡಿ ಮತ್ತೆ ಯಾವಾಗ ಪರೀಕ್ಷೆ ಮಾಡಿಸುವುದು? 8 ವಾರ ಆದ ಕೂಡಲೇ?

ಕುಂಬಳೆ ಲ್ಯಾಬಿನವ:
ಶುರು ಮಾಡಿ 3 ತಿಂಗಳ ಹೊತ್ತಿಗೆ ನೋಡಿದರೆ ಸರಿಯಾಗಿ ಗೊತ್ತಾಗುತ್ತದೆ, ಡಾಕ್ಟ್ರು ಬೇರೆ ದಿನ ಹೇಳಿದ್ದರೆ ಅದೇ. ಅದೇ ರಕ್ತದಲ್ಲಿ ಕ್ಯಾಲ್ಸಿಯಂ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಕೂಡ ಬರೆಯಲು ಹೇಳಿ, ಎರಡೆರಡು ಸಲ ಸೂಜಿ ಬೇಡ. ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮಾಡಿಸಿದರೆ ಹೋಲಿಸಲು ಸುಲಭ, ನಮ್ಮಲ್ಲಿಗೇ ಬರಬೇಕು ಅಂತ ಇಲ್ಲ. ಮೂತ್ರದ ಪ್ರೊಟೀನಿಗೆ ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ಒಳ್ಳೆಯದು. ಡಬ್ಬಿಯನ್ನು ಹಿಂದಿನ ದಿನವೇ ಲ್ಯಾಬಿನಿಂದ ತೆಗೆದುಕೊಂಡು ಹೋಗಿ, ಮನೆಯ ಬಾಟಲಿಯಲ್ಲಿ ತರಬೇಡಿ.